ಮೈಲುತುತ್ತ, ಸುಣ್ಣದಿಂದ ತೋಟ ಉಳಿಸಿದ ಕೋಲ್ಮನ್ ಸಾಹೇಬರು

ತುಮಕೂರು: ಮಳೆಗಾಲ ಹತ್ತಿರ ಬಂತು ಅಂದ್ರೆ ಅಡಿಕೆ ಸೀಮೆಯ ಗೊಬ್ಬರದ ಅಂಗಡಿಗಳಲ್ಲಿ ಮೈಲುತುತ್ತಕ್ಕೆ ಗಿರಾಕಿಗಳು ಜಾಸ್ತಿ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದ ಅಡಿಕೆ ಬೆಳೆಗಾರರಿಗೆ ಪರಿಚಯಿಸಿ, ಹೊಡೆದು ತೋರಿಸಿದವರು ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. ಬೆಳೆಗೆ ಬೀಳುವ ಹುಳ ಮತ್ತು ಬೂಷ್ಟಿನ ರೋಗಗಳನ್ನು ಕಂಡುಹಿಡಿಯೋದು ಅವರ ಕೆಲಸ.

ಜೋಳದ ಹೊಲ ಮೇಯುತ್ತಿದ್ದ ಮಿಡತೆಯೊಂದನ್ನು ಅವರು ಹಿಂದೆ ಬಿದ್ದು ಅಭ್ಯಾಸ ಮಾಡಿದರು. ಅದಕ್ಕೆ ಹಾರಲು ರೆಕ್ಕೆ ಇಲ್ಲ, ವರ್ಷಕ್ಕೆ ಒಂದೇ ಪೀಳಿಗೆ, ಮೊಟ್ಟೆ ಇಡೋದು ಮಣ್ಣಿನೊಳಗೆ. ಆ ಮಿಡತೆಯ ವೈಜ್ಞಾನಿಕ ಹೆಸರು ಕೋಲ್ಮೇನಿಯಾ. ಅವರ ಗೌರವಾರ್ಥ ಇಟ್ಟದ್ದು.

ಆಗ ಮಲೆನಾಡಿನಲ್ಲಿ ಕೊಳೆರೋಗಕ್ಕೆ ಅಡಿಕೆ ಕಾಯಿ ಕೊಳೆತು ಉದುರುತ್ತಿತ್ತು. ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟೋದೊಂದೇ ದಾರಿ. ರೋಗ ಹಬ್ಬೋದು ತೇವದಲ್ಲಿ ಅನ್ನೋದನ್ನು ಅರಿತಿದ್ದ ಕೋಲ್ಮನ್, ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ದ್ರಾವಣ ಹೊಡೆಸಿದರು. ಕಡಿಮೆ ಖರ್ಚಿನ ಈ ಉಪಾಯ ತೋಟದಿಂದ ತೋಟಕ್ಕೆ ಹಬ್ಬಿತು.

ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದಲ್ಲಿ ಕೃಷಿ ಶಾಲೆ ಬಂತು. ರಫ್ತಾಗುವ ಕಾಫಿಯ ರೋಗ, ಕೀಟಗಳ ಮೇಲೆ ಸಂಶೋಧನೆಗೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕೇಂದ್ರ ಶುರುವಾಯಿತು. 1934ರಲ್ಲಿ ನಿವೃತ್ತರಾದ ಕೋಲ್ಮನ್ 1954ರಲ್ಲಿ ತೀರಿಕೊಂಡರು.

ಅವರು ಹಾಕಿಕೊಟ್ಟ ದಾರಿ ನಿಂಬೆ ಬೆಳೆಗಾರರಿಗೂ ಸಲ್ಲುತ್ತದೆ. ಕಜ್ಜಿ ಬಿದ್ದ ಕಾಯಿಯನ್ನು ಯುರೋಪಿನ ಮಾರುಕಟ್ಟೆ ಒಪ್ಪಲ್ಲ. ಕಜ್ಜಿ ತರೋದು ಬ್ಯಾಕ್ಟೀರಿಯಾ. ಆದರೆ ಎಳೆ ಚಿಗುರಿನಲ್ಲಿ ಸುರಂಗ ಕೊರೆಯುವ ಹುಳು ಎಲೆಗೆ ಗಾಯ ಮಾಡಿದರೆ ರೋಗಕ್ಕೆ ಬಾಗಿಲು ತೆರೆದಂತೆ. ಬೋರ್ಡೋ ಕಜ್ಜಿಯನ್ನು ತಡೆಯುತ್ತೆ, ಆ ಹುಳುವನ್ನು ಕೊಲ್ಲಲ್ಲ. ಹಾಗಾಗಿ ಚಿಗುರು ಒಡೆದಾಗಲೇ ಎಲೆ ತಿರುಗಿಸಿ ನೋಡಬೇಕು, ಕಜ್ಜಿ ಹತ್ತಿದ ರೆಂಬೆ ಕತ್ತರಿಸಿ ಸುಡಬೇಕು.

ದ್ರಾವಣದ ಲೆಕ್ಕ ಇಷ್ಟೇ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಮಾಡಿದ ದಿನವೇ ಹೊಡೆದು ಮುಗಿಸಬೇಕು.