ಆನಂದರಾವ್ ಕೌಂಡಿನ್ಯರ ಜೀವಚರಿತ್ರೆ

ಭಯದ ಕಾಲದಲ್ಲಿಯೇ ಹೊಸ ನೆಲೆಗಳು ಹುಟ್ಟುವುದುಂಟು. 1898ರ ಪ್ಲೇಗಿಗೆ ಅಂಜಿ ಜನರು ಪೇಟೆಯನ್ನು ಬಿಟ್ಟಾಗ ಬೆಂಗಳೂರಿನಲ್ಲಿ ಮಲ್ಲೇಶ್ವರಂ ಬಡಾವಣೆಯು ಬೆಳೆಯಿತು. ಅದಕ್ಕೂ ಮುಂಚೆ ಕೊಡಗಿನಲ್ಲಿ ವಿಶ್ವಾಸಿಗಳ ಆನಂದಪುರವು ಹಾಗೆಯೇ ಹುಟ್ಟಿತು. ಅದಕ್ಕಾಗಿ ದುಡಿದ ಹೆರ್ಮನ್ ಆನಂದರಾವ್ ಕೌಂಡಿನ್ಯರ ಚರಿತ್ರೆಯನ್ನು ಇಲ್ಲಿ ಹೇಳುವೆವು.

ಇವರು 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದರು. ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಮೋಗ್ಲಿಂಗ್ ದೊರೆಗಳ ಬಳಿಯಲ್ಲಿ ಕಲಿತು, 1844ರಲ್ಲಿ ದೀಕ್ಷಾಸ್ನಾನ ಹೊಂದಿದರು. ಊರಲ್ಲಿ ದೊಡ್ಡ ಗದ್ದಲವೆದ್ದಿತು. ಕುಲದವರು ದೂರವಾದರು, ಕೈಹಿಡಿದ ಪತ್ನಿಯೂ ಜೊತೆಗೆ ಬರಲಿಲ್ಲ. ಆದರೂ ಅವರು ಹಿಂದಕ್ಕೆ ತಿರುಗಲಿಲ್ಲ. 1846ರಲ್ಲಿ ಬಾಸೆಲಿಗೆ ಹೋಗಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ಹಿಂದಿರುಗಿ, ಉಪದೇಶಿಗಳಾಗಲಿದ್ದ ಯುವಕರಿಗೆ ಮಂಗಳೂರಿನಲ್ಲಿ ಕಲಿಸಿದರು.

ಆ ದಿನಗಳಲ್ಲಿ ಕೊಡಗಿನ ಜೀತದಾಳುಗಳು ಮೋಗ್ಲಿಂಗರ ಬಳಿಗೆ ಬಂದರು. ಒಡೆಯನ ಗದ್ದೆಯೇ ಅವರ ಅನ್ನವಾಗಿತ್ತು, ಸ್ವಂತ ನೆಲವಿರಲಿಲ್ಲ. ಕೌಂಡಿನ್ಯರು ತಮ್ಮ ಹಣವನ್ನು ಆನಂದಪುರದ ಕಾಫಿ ತೋಟಕ್ಕೆ ಹಾಕಿ, ಅವರು ಅಲ್ಲಿ ನೆಲೆಗೊಳ್ಳಲು ನೆರವಾದರು. ತನ್ನ ಮನೆಯನ್ನು ಕಳಕೊಂಡವನು ಮನೆಯಿಲ್ಲದವರಿಗೆ ಅಣ್ಣನಾದನು. 1893ರಲ್ಲಿ ಅವರು ಕರ್ತನಲ್ಲಿ ನಿದ್ರಿಸಿದರು.

ಸಭೆಯಲ್ಲಿ ನವಜೀವ ಬೇಕೆಂದು ನಾವು ಪ್ರಾರ್ಥಿಸುತ್ತೇವೆ. ನೆಲೆಯಿಲ್ಲದ ನೆರೆಯವನು ಬಾಗಿಲಿಗೆ ಬಂದರೆ ಜಾಗ ಕೊಡುವೆವೋ? ಅಲ್ಲಿಯೇ ಅದು ಮೊದಲಾಗುವದು.