ಶಿಶುನಾಳ ಶರೀಫ

ಸಂತ ಶಿಶುನಾಳ ಶರೀಫರು (೧೮೧೯–೧೮೮೯) ಹತ್ತೊಂಬತ್ತನೆಯ ಶತಮಾನದ ಕನ್ನಡ ತತ್ವಪದಕಾರರು. ಇಂದಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ ಅವರ ಹುಟ್ಟೂರು. ಈ ಊರನ್ನೇ ರೂಢಿಯಲ್ಲಿ ಶಿಶುನಾಳ ಎನ್ನುತ್ತಾರೆ. ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಶರೀಫರು ಬ್ರಾಹ್ಮಣ ಗುರುವಿನ ಶಿಷ್ಯರಾದರು. ಹುಟ್ಟೂರಿನ ದೈವವನ್ನು ಸ್ಮರಿಸುವ ‘ಶಿಶುನಾಳಧೀಶ’ ಎಂಬ ಅಂಕಿತದಲ್ಲಿ ಆಡುಮಾತಿನ ಪದಗಳನ್ನು ಕಟ್ಟಿ ಹಾಡಿದರು. ಕರ್ನಾಟಕದ ಕಬೀರ ಎಂಬ ಬಿರುದು ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಅವರ ಪದಗಳು ಹಳ್ಳಿಯ ಭಜನಾ ಮೇಳಗಳಿಂದ ಕ್ಯಾಸೆಟ್ಟಿಗೂ ಅಲ್ಲಿಂದ ಚಲನಚಿತ್ರ ಹಾಗೂ ಇಂದಿನ ವಾದ್ಯವೃಂದಗಳಿಗೂ ಸಾಗಿಬಂದಿವೆ.

ಜನನ ಮತ್ತು ಬಾಲ್ಯ

ಶರೀಫರು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, ೧೮೧೮ರಲ್ಲಿ, ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿತ್ತು. ನೆರೆಯ ಸವಣೂರು ಮಾತ್ರ ನವಾಬರ ಕೈಯಲ್ಲಿ ಸಣ್ಣ ಸಂಸ್ಥಾನವಾಗಿ ಉಳಿದಿತ್ತು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಬಹುಕಾಲ ಮಕ್ಕಳಿಲ್ಲದ ಈ ದಂಪತಿಗಳು ಹುಲಗೂರಿನ ಸೂಫಿ ಸಂತರಿಗೆ ಹರಕೆ ಹೊತ್ತ ಫಲವಾಗಿ ಶರೀಫರು ಜನಿಸಿದರೆಂಬುದು ಆ ಭಾಗದ ನಂಬಿಕೆ. ಮನೆಯಲ್ಲಿ ಇಸ್ಲಾಮಿನ ಆಚಾರಗಳೊಡನೆ ರಾಮಾಯಣ, ಮಹಾಭಾರತಗಳ ಪರಿಚಯವೂ ಆಯಿತು. ಚಾಮರಸನ ‘ಪ್ರಭುಲಿಂಗಲೀಲೆ’ ಅವರಿಗೆ ಅಚ್ಚುಮೆಚ್ಚಿನ ಗ್ರಂಥವಾಗಿತ್ತೆಂದು ಪ್ರತೀತಿ. ಕೆಲಕಾಲ ಅವರು ಸುತ್ತಲಿನ ಹಳ್ಳಿಗಳಲ್ಲಿ ಶಾಲಾ ಮಾಸ್ತರರಾಗಿ ಕೆಲಸ ಮಾಡಿದರು. ಆ ನೌಕರಿಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ.

ಗುರು ಗೋವಿಂದಭಟ್ಟರು

ಕಳಸದ ಗೋವಿಂದಭಟ್ಟರ ಭೇಟಿ ಶರೀಫರ ಬದುಕಿನ ತಿರುವು. ಕಳಸವು ಇಂದಿನ ಕುಂದಗೋಳ ತಾಲ್ಲೂಕಿನ ಹಳ್ಳಿ. ಗೋವಿಂದಭಟ್ಟರು ಜಾತಿಯ ಕಟ್ಟುಪಾಡುಗಳನ್ನು ಲೆಕ್ಕಿಸದ ಅವಧೂತ ಸ್ವಭಾವದವರು. ಮುಸ್ಲಿಂ ಯುವಕನನ್ನು ಮನೆಯೊಳಗೆ ಕರೆದುಕೊಂಡು ವಿದ್ಯೆ ಹೇಳಿದ್ದಕ್ಕಾಗಿ ಸ್ವಜನರ ನಿಂದೆಗೆ ಗುರಿಯಾದರು. ಶರೀಫರನ್ನೂ ಅವರ ಕಡೆಯವರು ಆಕ್ಷೇಪಿಸಿದರು. ಗುರುವು ತಮ್ಮ ಜನಿವಾರವನ್ನೇ ಶಿಷ್ಯನಿಗೆ ತೊಡಿಸಿದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಕಥೆಯ ನಿಜ ಏನೇ ಇರಲಿ, ಶರೀಫರ ಪದ ಪದದಲ್ಲಿಯೂ ಗೋವಿಂದ ಗುರುವಿನ ನೆನಪಿರುವುದನ್ನು ಓದುಗರು ಗಮನಿಸಬಹುದು. ಅಲ್ಲಿನ ಗೋವಿಂದ ವೈಕುಂಠದವನಲ್ಲ, ಕಳಸದವರು. ಇದನ್ನು ತಿಳಿಯದೆ ಅರ್ಥ ಹೇಳಲು ಹೊರಟರೆ ಪದ ದಾರಿ ತಪ್ಪುತ್ತದೆ.

ಕುಂದಗೋಳದ ಫಾತಿಮಾ ಅವರೊಡನೆ ಶರೀಫರ ವಿವಾಹವಾಯಿತು. ಹುಟ್ಟಿದ ಮಗು ಉಳಿಯಲಿಲ್ಲ, ಪತ್ನಿಯೂ ತೀರಿಕೊಂಡರು. ಅನಂತರ ಅವರದು ಸಂಚಾರದ ಬದುಕು. ನವಲಗುಂದದ ನಾಗಲಿಂಗಸ್ವಾಮಿಗಳೇ ಮೊದಲಾದ ಸಮಕಾಲೀನ ಸಾಧಕರೊಡನೆ ಅವರಿಗೆ ಒಡನಾಟವಿತ್ತೆಂದು ಹೇಳುತ್ತಾರೆ.

ಪದಗಳ ಸ್ವರೂಪ

ಶರೀಫರು ಕಣ್ಣೆದುರಿಗೆ ಕಂಡದ್ದನ್ನು ಹಿಡಿದು ಪದ ಕಟ್ಟಿದವರು. ಗುಡುಗುಡಿ, ತಂಬೂರಿ, ತವರಿಗೆ ಹಂಬಲಿಸುವ ಹೆಣ್ಣು, ಹಾವು, ಹೊಸದಾಗಿ ಬಂದ ಗಿರಣಿ, ಇವೆಲ್ಲವೂ ಅವರ ವಸ್ತುಗಳು. ಸೋರುವ ಮಾಳಿಗೆಯ ಪದ ಇದಕ್ಕೆ ಒಳ್ಳೆಯ ನಿದರ್ಶನ. ಇಲ್ಲಿ ಮಾಳಿಗೆ ಎಂದರೆ ಮಹಡಿಯಲ್ಲ. ಬಯಲುಸೀಮೆಯ ಮನೆಗಳ ಚಪ್ಪಟೆಯಾದ ಮಣ್ಣಿನ ಮೇಲ್ಛಾವಣಿಗೆ ಧಾರವಾಡ ಸೀಮೆಯಲ್ಲಿ ಆ ಹೆಸರು. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಮಣ್ಣು ಹಾಕಿ ಗಟ್ಟಿಮಾಡದಿದ್ದರೆ ಮನೆಯೊಳಗೆಲ್ಲ ನೀರು. ಪದದಲ್ಲಿ ಸೋರುವ ಮನೆಯೇ ದೇಹ, ಸೋರಿಕೆಗೆ ಕಾರಣ ಅಜ್ಞಾನ. ಸಿಮೆಂಟಿನ ಮನೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಮೊದಲು ಮಾಳಿಗೆಯನ್ನು ತೋರಿಸಬೇಕು. ವೇದಾಂತ ಆಮೇಲೆ ತಾನಾಗಿ ಬರುತ್ತದೆ.

ಕೋಡಗವನ್ನು ಕೋಳಿಯು ನುಂಗಿದ ಪದವು ಬೆಡಗಿನ ಪದಗಳಲ್ಲಿ ಅತ್ಯಂತ ಪ್ರಸಿದ್ಧ. ಕೋಡಗವೆಂದರೆ ಮಂಗ. ಒಂದು ಇನ್ನೊಂದನ್ನು ನುಂಗುತ್ತ ಸಾಗಿ, ಕಡೆಗೆ ಗುರುಪಾದವು ನಾನು ಎಂಬುದನ್ನೇ ನುಂಗಿಬಿಡುತ್ತದೆ. ಶಾಲೆಯ ಗ್ಯಾದರಿಂಗುಗಳಲ್ಲಿ ಇದನ್ನು ನಗೆಪದದಂತೆ ಹಾಡಿಸುವುದುಂಟು. ಮಕ್ಕಳು ನಕ್ಕರೆ ತಪ್ಪೇನಿಲ್ಲ, ಕೊನೆಯ ನುಡಿಯನ್ನು ಬಿಟ್ಟು ಹಾಡಿಸುವುದು ಮಾತ್ರ ತಪ್ಪು.

ಧ್ವನಿಮುದ್ರಿಕೆಗಳು ಮತ್ತು ಮಟ್ಟುಗಳು

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮೊದಲ ಧ್ವನಿಮುದ್ರಣ ನಡೆದದ್ದು ೧೯೦೨ರಲ್ಲಿ, ಎಂದರೆ ಶರೀಫರು ತೀರಿಕೊಂಡ ಹದಿಮೂರು ವರ್ಷಗಳ ಮೇಲೆ. ಅವರ ಕಂಠ ಹೇಗಿತ್ತೆಂಬುದಕ್ಕೆ ಹೀಗಾಗಿ ಯಾವ ಪುರಾವೆಯೂ ಇಲ್ಲ. ಪದಗಳು ಉಳಿದದ್ದು ಬಾಯಿಂದ ಬಾಯಿಗೆ. ಏಕತಾರಿ, ತಾಳ, ದಮ್ಮಡಿಗಳೊಡನೆ ರಾತ್ರಿಯಿಡೀ ಹಾಡುತ್ತಿದ್ದ ರೈತರು, ಕುಶಲಕರ್ಮಿಗಳು ಅವುಗಳನ್ನು ಕಾಪಾಡಿದರು. ಒಂದೇ ಪದಕ್ಕೆ ಊರಿಗೊಂದು ಪಾಠ ಇರುವುದು ಇದರಿಂದಲೇ.

ನಗರದ ಕೇಳುಗರಿಗೆ ಶರೀಫರು ಹೊಸ ಕವಿಯಂತೆ ಪರಿಚಯವಾದದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಗೀತೆಗಳನ್ನು ಸುಗಮ ಸಂಗೀತದ ವಲಯಕ್ಕೆ ಪರಿಚಯಿಸಿದರು. ಸಿ. ಅಶ್ವಥ್ ರಾಗ ಸಂಯೋಜಿಸಿದರು. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ಅವು ನಾಡಿನ ಮನೆಮನೆಗೂ ತಲುಪಿದವು. ಟಿ. ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಲ್ಲಿ (೧೯೯೦) ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ನಟಿಸಿದರು. ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯ ಕುರಿತ ಉತ್ತಮ ಚಿತ್ರಕ್ಕೆ ಸಲ್ಲುವ ನರ್ಗಿಸ್ ದತ್ ಪ್ರಶಸ್ತಿ ಇದಕ್ಕೆ ದೊರೆಯಿತು. ಮುಂದೆ ರಘು ದೀಕ್ಷಿತ್ ತಮ್ಮ ೨೦೦೮ರ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ಗಿಟಾರ್, ಡ್ರಮ್ಮುಗಳೊಡನೆ ಹಾಡಿದರು. ಕನ್ನಡ ಬಾರದ ತರುಣರೂ ಅವುಗಳನ್ನು ಗುನುಗುವಂತಾಯಿತು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದುವುದು ಅವಶ್ಯ. ಇಂದು ಎಲ್ಲರ ಕಿವಿಯಲ್ಲಿರುವ ಮಟ್ಟು ಶರೀಫರದೇ ಎಂದು ಅನೇಕರು ಭಾವಿಸಿದ್ದಾರೆ. ಸಾಹಿತ್ಯ ಶರೀಫರದು, ಆ ಮಟ್ಟು ಬಹುಮಟ್ಟಿಗೆ ಅಶ್ವಥ್ ಅವರದು. ಅಶ್ವಥ್ ಹಾಡಿಕೆಯಲ್ಲಿ ಹಳ್ಳಿಯ ಕಸುವು ಇದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ಯಾಸೆಟ್ಟು ಬಂದ ಮೇಲೆ ಮೇಳದವರೇ ತಮ್ಮ ಹಿಂದಿನ ಮಟ್ಟನ್ನು ಬಿಟ್ಟು ಕ್ಯಾಸೆಟ್ಟಿನಂತೆ ಹಾಡತೊಡಗಿದ ಊರುಗಳಿವೆ. ಹಳೆಯ ಮಟ್ಟು ಬಲ್ಲ ಹಿರಿಯರು ತೀರಿಕೊಂಡರೆ ಅದೂ ಅವರೊಡನೆ ಹೋಗುತ್ತದೆ.

ಆಯ್ಕೆಯ ಪ್ರಶ್ನೆಯೂ ಇದೆ. ಕರ್ಬಲಾದ ಕಥೆಯನ್ನು ಕುರಿತು, ಮೊಹರಂ ಹಬ್ಬದಲ್ಲಿ ಹೆಜ್ಜೆ ಹಾಕುತ್ತ ಹಾಡಲೆಂದು ಶರೀಫರು ರಿವಾಯತ್ ಪದಗಳನ್ನು ರಚಿಸಿದ್ದಾರೆ. ಇವುಗಳನ್ನು ಹಾಡುವ ಮೇಳಗಳಲ್ಲಿ ಹಿಂದೂಗಳೂ ಇರುತ್ತಾರೆ. ಜನಪ್ರಿಯ ಧ್ವನಿಮುದ್ರಿಕೆಗಳಲ್ಲಿ ಇವುಗಳ ಪಾಲು ಅತ್ಯಲ್ಪ. ಧ್ವನಿಮುದ್ರಿಕೆಯಿಂದಷ್ಟೇ ಶರೀಫರನ್ನು ಅರಿತವರಿಗೆ ಅವರ ಬದುಕಿನ ಒಂದು ಮಗ್ಗುಲು ಕಾಣದೆಯೇ ಉಳಿಯುತ್ತದೆ.

ಅಂತ್ಯ

೧೮೮೯ರಲ್ಲಿ ಶರೀಫರು ಹುಟ್ಟೂರಿನಲ್ಲಿಯೇ ದೇಹ ಬಿಟ್ಟರು. ಅಂತ್ಯಕ್ರಿಯೆಯಲ್ಲಿ ಹಿಂದೂ, ಮುಸ್ಲಿಂ ಎರಡೂ ವಿಧಿಗಳು ನಡೆದವೆಂದು ಹೇಳಲಾಗುತ್ತದೆ. ಶಿಶುನಾಳದಲ್ಲಿ ಅವರ ಗದ್ದುಗೆಯಿದೆ. ಎರಡೂ ಸಮುದಾಯದ ಭಕ್ತರು ಅಲ್ಲಿಗೆ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆ ಜರುಗುತ್ತದೆ.