ಅಲೆಗೆನಿಯ ಗ್ರಂಥಾಲಯ ಮತ್ತು ಕಾರ್ನೆಗಿಯವರು

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ನೇಕಾರರ ಪಟ್ಟಣದಲ್ಲಿ 1835ರ ನವೆಂಬರ್ 25ರಂದು ಜನಿಸಿದ ಆಂಡ್ರ್ಯೂ ಕಾರ್ನೆಗಿಯವರ ತಂದೆ ಕೈಮಗ್ಗವನ್ನೇ ನಂಬಿ ಬದುಕಿದವರು. ಹಬೆಯಿಂದ ನಡೆಯುವ ಮಗ್ಗಗಳು ಬಂದೊಡನೆ ಆ ಮನೆಯ ಅನ್ನಕ್ಕೆ ಸಂಚಕಾರ ಬಂದಿತು. 1848ರಲ್ಲಿ ಕುಟುಂಬವು ಅಮೇರಿಕಕ್ಕೆ ವಲಸೆ ಹೋಗಿ, ಪಿಟ್ಸ್‌ಬರ್ಗ್ ನಗರದ ಎದುರು ದಡದಲ್ಲಿದ್ದ ಅಲೆಗೆನಿ ಪಟ್ಟಣದಲ್ಲಿ ನೆಲೆಸಿತು. ಬಾಲಕನು ಶಾಲೆ ಬಿಟ್ಟು, ವಾರಕ್ಕೆ 1 ಡಾಲರ್ 20 ಸೆಂಟುಗಳ ಕೂಲಿಗೆ ಹತ್ತಿಗಿರಣಿ ಸೇರಿದನು.

ಆ ಊರಿನಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಸಜ್ಜನರಿದ್ದರು. ದುಡಿಯುವ ಹುಡುಗರು ಪ್ರತಿ ಶನಿವಾರ ಬಂದು ತಮ್ಮ ಸ್ವಂತ ಸಂಗ್ರಹದಿಂದ ಒಂದೊಂದು ಪುಸ್ತಕವನ್ನು ಒಯ್ಯಬಹುದೆಂದು ಅವರು ಅನುಮತಿಸಿದ್ದರು. ಮುಂದೆ ಆ ಗ್ರಂಥಾಲಯದವರು ಕಸಬು ಕಲಿಯುವವರನ್ನುಳಿದು ಬೇರೆಯವರಿಂದ ಶುಲ್ಕ ಕೇಳಿದಾಗ, ತಂತಿ ಕಚೇರಿಯಲ್ಲಿದ್ದ ಈ ಯುವಕನು ಪತ್ರಿಕೆಗೆ ಪತ್ರ ಬರೆದು ಪ್ರತಿಭಟಿಸಿ ಗೆದ್ದನು.

ರೈಲ್ವೆಯಿಂದ ಉಕ್ಕಿನ ಉದ್ಯಮಕ್ಕೆ ಬಂದ ಕಾರ್ನೆಗಿಯವರು ಅಪಾರ ಸಂಪತ್ತನ್ನು ಗಳಿಸಿದರು. 1901ರಲ್ಲಿ ತಮ್ಮ ಉದ್ಯಮವನ್ನು 48 ಕೋಟಿ ಡಾಲರಿಗೆ ಮಾರಿದರು. ಆದರೆ 1892ರ ಹೋಮ್‌ಸ್ಟೆಡ್ ಕಾರ್ಖಾನೆಯ ದುರಂತವನ್ನು ಮರೆಮಾಚಿ ಅವರ ಚರಿತ್ರೆಯನ್ನು ಹೇಳುವುದು ನ್ಯಾಯವಲ್ಲ. ಕೂಲಿಯ ವಿವಾದದಲ್ಲಿ ಬಾಡಿಗೆಯ ಕಾವಲುಗಾರರಿಗೂ ಕಾರ್ಮಿಕರಿಗೂ ಕಾಳಗವಾಗಿ ಜನ ಸತ್ತರು; ಧಣಿಗಳು ಆಗ ಸ್ಕಾಟ್ಲೆಂಡಿನಲ್ಲಿದ್ದರು. ಮುಂದೆ ಅಲ್ಲಿಯೂ ಅವರು ಗ್ರಂಥಾಲಯ ಕಟ್ಟಿಸಿದರು. ದಿನಕ್ಕೆ ಹನ್ನೆರಡು ತಾಸು ಕುಲುಮೆಯ ಮುಂದೆ ಬೆಂದವನಿಗೆ ಓದುವ ಬಿಡುವಾದರೂ ಎಲ್ಲಿತ್ತು?

ಲೋಕದಾದ್ಯಂತ ಅವರ ಹಣದಿಂದ ಎದ್ದ ಗ್ರಂಥಾಲಯಗಳು 2,500ಕ್ಕೂ ಹೆಚ್ಚು. ಅಲೆಗೆನಿಯದು 1890ರಲ್ಲಿ, ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರ ಸಮ್ಮುಖದಲ್ಲಿ ಉದ್ಘಾಟನೆಯಾಯಿತು. ಕಟ್ಟಡ ದಾನಿಯದು, ನಡೆಸುವ ವೆಚ್ಚ ಊರಿನದು. 1907ರಲ್ಲಿ ಅಲೆಗೆನಿಯೇ ಪಿಟ್ಸ್‌ಬರ್ಗಿನಲ್ಲಿ ಲೀನವಾಯಿತು. ಕಾರ್ನೆಗಿಯವರು 1919ರ ಆಗಸ್ಟ್ 11ರಂದು ತೀರಿಕೊಂಡರು.

1960ರ ದಶಕದಲ್ಲಿ ನಗರವು ಹಳೆಯ ಪೇಟೆಯನ್ನು ಕೆಡವಿ ಹೊಸ ಮಳಿಗೆಗಳನ್ನು ಕಟ್ಟಿಸಿದಾಗ ಈ ಕಲ್ಲಿನ ಕಟ್ಟಡ ಹೇಗೋ ಉಳಿಯಿತು. ಆದರೆ ಆಧುನಿಕತೆಯ ಹೆಸರಿನಲ್ಲಿ ಒಳಗಿನ ಕಮಾನುಗಳನ್ನು ಗಾರೆ ಹಲಗೆಗಳಿಂದ ಮುಚ್ಚಿದರು. 2006ರ ಏಪ್ರಿಲಿನಲ್ಲಿ ಗಡಿಯಾರದ ಗೋಪುರಕ್ಕೆ ಸಿಡಿಲೆರಗಿ, ಭಾರಿ ಕಲ್ಲೊಂದು ಮಾಡನ್ನು ಸೀಳಿ ಕೆಳಗುರುಳಿತು. ಪುಸ್ತಕಗಳು ಹೊರಟುಹೋದವು, 2009ರಲ್ಲಿ ಸಮೀಪದ ಬೀದಿಯಲ್ಲಿ ಬೇರೆ ಗ್ರಂಥಾಲಯ ತೆರೆಯಿತು.

ಖಾಲಿಯಾದ ಕಟ್ಟಡವನ್ನು ನೆರೆಯ ಮಕ್ಕಳ ವಸ್ತುಸಂಗ್ರಹಾಲಯವು ದುರಸ್ತಿಗೊಳಿಸಿ, 2019ರಲ್ಲಿ ಬೆಳೆಯುವ ಮಕ್ಕಳ ಕಲೆ ಮತ್ತು ತಂತ್ರಜ್ಞಾನದ ಪ್ರಯೋಗಶಾಲೆಯನ್ನಾಗಿ ತೆರೆಯಿತು. ಹೊದಿಕೆಯನ್ನು ಕಿತ್ತಾಗ ಹಳೆಯ ಕಮಾನುಗಳೂ ಕಬ್ಬಿಣದ ಕಂಬಗಳೂ ಬೆಳಕು ಕಂಡವು. ಅವುಗಳ ಗಾಯಗಳನ್ನು ಮರೆಸದೆ ಹಾಗೆಯೇ ಬಿಟ್ಟಿರುವುದು ಸರಿಯೆಂದೇ ನಮ್ಮ ಭಾವನೆ.

ಆಂಡರ್ಸನ್ನರ ನೆನಪಿಗೆ ಕಾರ್ನೆಗಿಯವರು 1904ರಲ್ಲಿ ಇಲ್ಲಿಯೇ ಸ್ಮಾರಕವೊಂದನ್ನು ನಿಲ್ಲಿಸಿದ್ದರು. ನಗರದ ಕೆಡಹುವಿಕೆಯಲ್ಲಿ ಅದನ್ನೂ ಕಳಚಲಾಗಿತ್ತು; 1988ರಲ್ಲಿ ಮರಳಿ ಜೋಡಿಸಿದರು. ಅದರಲ್ಲಿ ಕಂಚಿನ ಕೂಲಿಕಾರನೊಬ್ಬನು ಕಮ್ಮಾರನ ಅಡಿಗಲ್ಲಿನ ಮೇಲೆ ಕುಳಿತು ಪುಸ್ತಕ ಓದುತ್ತಿದ್ದಾನೆ.